ಹುಲಿದೇವರಿಗೆ ಹಂಚಿನ ಗುಡಿ

ಠಾಣೆ, ಮಾರ್ಚ್ ೧೯೯೬

ಮಾವನವರಿಗೆ ಮೋಹನದಾಸನ ನಮಸ್ಕಾರ.

ಗುಡ್ಡದ ಬುಡದಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಮನೆಗಳನ್ನು ಕಟ್ಟುವ ಜಾಗದಲ್ಲಿ ವಾರ್ಲಿ ಆದಿವಾಸಿಗಳ ಹುಲಿದೇವರ ಕಲ್ಲು ಬಯಲಲ್ಲೇ ಇತ್ತು. ಬಿಲ್ಡರ್ ಕೀಳಿಸಲು ಹೊರಟಾಗ ನಾವು ಉಡುಪಿಯವರೇ ಅಡ್ಡ ನಿಂತು ಉಳಿಸಿದೆವು. ನಮ್ಮ ದೈವಕ್ಕೆ ಮಾಡುವ ಹಾಗೆಯೇ ಗುಡಿ ಕಟ್ಟಿ, ಮಂಗಳೂರು ಹಂಚು ಹೊದೆಸಿ, ಬಾಗಿಲಿಗೆ ಬೀಗವನ್ನೂ ಹಾಕಿದೆವು.

ನಿನ್ನೆ ವಾರ್ಲಿಗಳ ಮುದುಕಿ ಬುಧಿಬಾಯಿ ಕೋಳಿ ಹಿಡಿದುಕೊಂಡು ಬಂದಳು. ಬೀಗ ತೆಗೆದುಕೊಟ್ಟರೂ ಒಳಗೆ ಕಾಲಿಡಲಿಲ್ಲ. "ಹುಲಿ ಮನೆಯೊಳಗೆ ಇರುತ್ತದಾ, ಶೇಟ್? ಇನ್ನು ಇದು ನಿಮ್ಮ ದೇವರು. ಚೆನ್ನಾಗಿ ನೋಡಿಕೊಳ್ಳಿ" ಎಂದು ಮರಾಠಿಯಲ್ಲಿ ಹೇಳಿ, ಕೋಳಿಯೊಂದಿಗೆ ಹಿಂದಿರುಗಿದಳು. ಸಿಟ್ಟೂ ಮಾಡಲಿಲ್ಲ.

ನನಗೆ ತಲೆಬುಡ ತಿಳಿಯುತ್ತಿಲ್ಲ. ಹಂಚು ಇಳಿಸುವುದಾದರೆ ಅಪ್ಪಣೆ ಯಾರಲ್ಲಿ ಕೇಳಬೇಕು, ದೈವದಲ್ಲೋ, ಆ ಮುದುಕಿಯಲ್ಲೋ? ದೈವದ ಕಟ್ಟುಕಟ್ಟಳೆ ಬಲ್ಲವರು ನೀವು, ದಯವಿಟ್ಟು ಬೇಗ ಬರೆಯಿರಿ. ಕಟ್ಟುವಾಗ ನಾವು ಯಾರನ್ನೂ ಕೇಳಿರಲಿಲ್ಲ.

ನಿಮ್ಮ ಅಳಿಯ,
ಮೋಹನದಾಸ