ಒಬ್ಬರ ಮಾತು ಬಾಕಿ

ನ್ಯಾಯಾಲಯದ ಅತಿಥಿಗೃಹ, ಮೂರನೇ ಮಹಡಿ
ತಾರೀಖು ೧೪, ಗುರುವಾರ ಮಧ್ಯಾಹ್ನ

ನನ್ನ ಮುದ್ದಿನ ಹಠಮಾರಿ ಮಗನಿಗೆ,

ಅಪ್ಪನ ಆಶೀರ್ವಾದ. ಹೇಗಿದ್ದೀಯಪ್ಪಾ? ಸೊಂಟದ ನೋವು ಕಡಿಮೆಯಾಯಿತೇ? ದಿನವಿಡೀ ಆ ಅಗೆಯುವ ಮಷೀನಿನ ಸೀಟಿನಲ್ಲಿ ಕುಲುಕಾಡಿದರೆ ಎಂಥ ಗಟ್ಟಿ ಸೊಂಟವೂ ಜಗ್ಗಲೇಬೇಕು. ಬೆನ್ನಿಗೊಂದು ದಿಂಬು ಇಟ್ಟುಕೋ, ನಾಚಿಕೆ ಪಡಬೇಡ. ಸೊಸೆ, ಮಕ್ಕಳು ಚೆನ್ನಾಗಿದ್ದಾರೆಯೇ? ಕಂಪನಿ ಕೊಟ್ಟ ಮನೆಯಲ್ಲಿ ಗಾಳಿ ಆಡುತ್ತದೋ ಇಲ್ಲವೋ. ನಾನು ಆರಾಮಾಗಿದ್ದೇನೆ; ಹೊಸ ಬೂಟು ಹಿಮ್ಮಡಿ ಕಚ್ಚಿದೆ, ಅಷ್ಟೇ. ನಿಮ್ಮಮ್ಮ ನನಗಿಂತ ಆರಾಮ. ಮೊದಲ ದಿನ ಲಿಫ್ಟಿನೊಳಗೆ ಕಾಲಿಡುವುದಿಲ್ಲ ಎಂದು ಪಟ್ಟು ಹಿಡಿದವಳು ಈಗ ಕೆಲಸವಿಲ್ಲದಿದ್ದರೂ ಅದರಲ್ಲಿ ಮೇಲೆ ಕೆಳಗೆ ಓಡಾಡುತ್ತಾಳೆ. ನೀನು ಫೋನ್ ಎತ್ತುವುದಿಲ್ಲ ಎಂದು ಬೈಯಲು ಈ ಕಾಗದ ಬರೆಯುತ್ತಿಲ್ಲ. ಇಲ್ಲಿ ಕಂಡಿದ್ದನ್ನು ನಿನಗೆ ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಅದಕ್ಕೇ ಕೂತೆ.

ನಮ್ಮ ಗುಡ್ಡದ ದಾವೆ ನಡೆಯುವ ಈ ದೇಶದೇಶಗಳ ಕೋರ್ಟಿನಲ್ಲಿ ನಮ್ಮ ಪೇಟೆಯ ಕೋರ್ಟಿನಂತೆ ನೂಕುನುಗ್ಗಲಿಲ್ಲ. ಕಾಲಡಿ ಮೆತ್ತನೆಯ ಜಮಖಾನ, ಗೋಡೆಯುದ್ದಕ್ಕೂ ನಾನು ಹೆಸರು ಕೂಡ ಕೇಳದ ದೇಶಗಳ ಬಾವುಟಗಳು. ಎತ್ತರದ ಕಟ್ಟೆಯ ಮೇಲೆ ಕಪ್ಪು ನಿಲುವಂಗಿಯ ನ್ಯಾಯಾಧೀಶರು, ಒಬ್ಬೊಬ್ಬರದು ಒಂದೊಂದು ದೇಶ. ನಡುವಿನ ಕುರ್ಚಿಯಲ್ಲಿ ಬಿಳಿ ಕೂದಲಿನ ಒಬ್ಬ ಹಿರಿಯಾಕೆ. ಮೂಲೆಯ ಗಾಜಿನ ಗೂಡಿನಲ್ಲಿ ಕೂತ ಹುಡುಗಿ ನಮ್ಮ ಮಾತನ್ನು ಅವರಿಗೆ, ಅವರ ಮಾತನ್ನು ನಮಗೆ ಆಗಿಂದಾಗಲೇ ತಿರುಗಿಸಿ ಕಿವಿಗೆ ಸಿಕ್ಕಿಸಿಕೊಂಡ ಯಂತ್ರಕ್ಕೆ ಕಳಿಸುತ್ತಾಳೆ. ನಿನ್ನೆ ನಮ್ಮ ವಕೀಲೆ ಎದ್ದು ಹೇಳಿದ್ದನ್ನು ಕೇಳು. ದೇಶ ದೇಶಗಳ ಗಡಿ ಗೆರೆ ಮೂಡುವ ಮೊದಲೇ ಒಂದು ನೆಲದಲ್ಲಿ ಬಾಳಿಕೊಂಡು ಬಂದ ನಮ್ಮಂಥ ಜನರನ್ನು, ಆ ನೆಲಕ್ಕೆ ಕೈ ಹಚ್ಚುವ ಮುಂಚೆ ಕೇಳಬೇಕಂತೆ. ಹೆದರಿಸದೆ ಕೇಳಬೇಕು, ಎಲ್ಲವನ್ನೂ ತಿಳಿಸಿ ಕೇಳಬೇಕು, ಅವರದೇ ಪದ್ಧತಿಯಂತೆ ಕೇಳಬೇಕು. ಹಾಗೆಂದು ಎಷ್ಟೋ ದೇಶಗಳು ಕೂತು ಒಪ್ಪಿಕೊಂಡಿವೆಯಂತೆ. ಇಂಥದ್ದೊಂದು ಕಾನೂನು ಲೋಕದಲ್ಲಿದೆ ಎಂದು ಈ ವಯಸ್ಸಿನವರೆಗೂ ನನಗೆ ಯಾರೂ ಹೇಳಿರಲಿಲ್ಲ ಕಣೋ. ನಮ್ಮ ಮುಖ ಕೂಡ ಕಾಣದವರು ಎಲ್ಲೋ ಕೂತು ನಮ್ಮ ಪರವಾಗಿ ಯೋಚಿಸಿದ್ದರಲ್ಲ, ಅದು ನನಗೆ ಇನ್ನೂ ಸೋಜಿಗ.

ಸರ್ಕಾರದ ವಕೀಲರು ಒಳ್ಳೆಯವರೇ, ನಿಮ್ಮಮ್ಮನಿಗೆ ನೀರಿನ ಲೋಟ ಸರಿಸಿಕೊಟ್ಟರು. ವಾದ ಮಾತ್ರ ಬಲು ಚುರುಕು. ಗುಡ್ಡವನ್ನು ಗಣಿಗೆ ಕೊಡುವ ಮೊದಲು ಅಧಿಕಾರಿಗಳು ಬಂದಿದ್ದರು, ಸಭೆ ಕರೆದಿದ್ದರು, ಯಾರಾದರೂ ಬೇಡವೆನ್ನುತ್ತೀರಾ ಎಂದು ಕೇಳಿದ್ದರು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ, ಆದ್ದರಿಂದ ಒಪ್ಪಿಗೆ ಸಿಕ್ಕಂತೆಯೇ ಎಂದರು. ಆ ಸಂಜೆ ನೀನೂ ಅಲ್ಲೇ ಇದ್ದೆ. ಗುಡ್ಡದ ಮಾತಿಗೆ ನಮ್ಮಲ್ಲಿ ಕೇಳಿದ ದಿನವೇ ಉತ್ತರ ಕೊಡುವುದುಂಟೇ? ಎಲ್ಲಿದ್ದರೂ ಸರಿ, ಹೇಗಿದ್ದರೂ ಸರಿ, ನಮ್ಮ ಪ್ರತಿಯೊಬ್ಬರನ್ನೂ ಕೇಳಬೇಕು, ಮಲಗಿ ಏಳಬೇಕು, ಬೆಳಿಗ್ಗೆ ನಮ್ಮಲ್ಲಿಯ ಹಿರಿಯ ಹೆಂಗಸು, ಅಂದರೆ ಈಗ ನಿಮ್ಮಮ್ಮ, ಎಲ್ಲರ ಮಾತು ಹೊತ್ತು ಬಂದು ಹೇಳಬೇಕು. ನಾವು ಬೆಳಿಗ್ಗೆ ಹೇಳೋಣವೆಂದು ಇಳಿದು ಬಂದರೆ ಅಧಿಕಾರಿಗಳ ಜೀಪು ಹಿಂದಿನ ಸಂಜೆಯೇ ಪೇಟೆ ಸೇರಿತ್ತು.

ಇದನ್ನೆಲ್ಲ ವಕೀಲೆ ವಿವರಿಸಿದ ಮೇಲೆ ಆ ಬಿಳಿ ಕೂದಲಿನ ಹಿರಿಯಾಕೆ ಮುಂದಕ್ಕೆ ಬಗ್ಗಿ, ಹಾಗಾದರೆ ಈಗ ನಾನೇ ಕೇಳುತ್ತೇನೆ, ಗುಡ್ಡ ಅಗೆಯಲು ನಿಮ್ಮ ಜನರ ಒಪ್ಪಿಗೆ ಇದೆಯೇ ಎಂದು ನಿಮ್ಮಮ್ಮನನ್ನು ಕೇಳಿದರು. ನಮ್ಮ ವಕೀಲೆಯ ಮುಖ ಅರಳಿತು. ಇಲ್ಲ ಎಂಬ ಒಂದು ಮಾತು ಸಾಕಿತ್ತು. ನಿಮ್ಮಮ್ಮ ಕಿವಿಯ ಯಂತ್ರ ಸರಿಮಾಡಿಕೊಂಡು, “ನಾಳೆ ಬೆಳಿಗ್ಗೆ ಹೇಳ್ತೀನಿ ಕಣಮ್ಮಾ” ಅಂದುಬಿಟ್ಟಳು! ಗಾಜಿನ ಗೂಡಿನ ಹುಡುಗಿ ಒಂದು ಗಳಿಗೆ ತಡವರಿಸಿ ಅದನ್ನು ಹಾಗೆಯೇ ದಾಟಿಸಿದಳು. ವಕೀಲೆ ಹಣೆ ಹಿಡಿದುಕೊಂಡರು. ನಾನು ಜಮಖಾನ ನೋಡುತ್ತ ಕೂತೆ. ನ್ಯಾಯಾಧೀಶರು ತಲೆಗೆ ತಲೆ ಹಚ್ಚಿ ಪಿಸುಗುಟ್ಟಿದರು. ಆಮೇಲೆ ಹಿರಿಯಾಕೆ, ಸರಿ, ನಾಳೆ ಬೆಳಿಗ್ಗೆ ಸೇರೋಣ ಎಂದು ಎದ್ದೇಬಿಟ್ಟರು. ಅಷ್ಟು ದೇಶಗಳ ಬಾವುಟಗಳು ನಿಮ್ಮಮ್ಮನ ಒಂದು ನಾಳೆಗಾಗಿ ಕಾದವು. ಮದುವೆಯಾದಂದಿನಿಂದ ನಾನೂ ಅವಳ ನಾಳೆಗಳಿಗೆ ಕಾಯುತ್ತಲೇ ಬಂದವನು, ಆದರೆ ನನ್ನ ಹತ್ತಿರ ಬಾವುಟ ಇರಲಿಲ್ಲ.

ಸಂಜೆ ಮಂಚದ ಮೇಲೆ ಕಾಲು ಮಡಚಿ ಕೂತು, ವಕೀಲೆಯ ಫೋನಿನಿಂದ ನಮ್ಮವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದಳು. ಆಸ್ಪತ್ರೆಯಲ್ಲಿ ಮಲಗಿರುವ ನಿನ್ನ ಸೋದರಮಾವನನ್ನೂ ಬಿಡಲಿಲ್ಲ. ನರ್ಸು ಬಂದು ಫೋನ್ ಕಿತ್ತುಕೊಳ್ಳುವವರೆಗೂ ಅವನು ಗುಡ್ಡದ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ನಿನ್ನ ಅಕ್ಕ ಬೇಡವೇ ಬೇಡ ಎಂದು ಕೂಗಿದ್ದು ಫೋನ್ ಇಲ್ಲದಿದ್ದರೂ ಇಲ್ಲಿಗೆ ಕೇಳುತ್ತಿತ್ತೇನೋ. ನಿನಗೂ ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದಳು. ಆಮೇಲೆ ಫೋನನ್ನು ಸೆರಗಿಗೆ ಒರೆಸಿ ವಕೀಲೆಗೆ ಕೊಟ್ಟು, ಮಗ್ಗುಲಾಗಿ ಮಲಗಿಬಿಟ್ಟಳು.

ಇವತ್ತು ಬೆಳಿಗ್ಗೆ ಅವಳು ಆ ಕಟ್ಟೆಯ ಮುಂದೆ ಎದ್ದು ನಿಂತಳು. ಅವಳು ಹೇಳಿದ್ದು ಇಷ್ಟೇ: “ನಾನು ಕೇಳಿದೋರೆಲ್ಲ ಬೇಡ ಅಂದ್ರು. ಒಬ್ಬರ ಮಾತು ಬಾಕಿ ಇದೆ. ಅದು ಬರೋವರೆಗೂ ಇದು ನಮ್ಮೆಲ್ಲರ ಮಾತು ಅಂತ ಹೇಳೋಕಾಗಲ್ಲ.” ಇಷ್ಟು ದೂರ ಬಂದು, ಗುಡ್ಡ ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ! ಎಲ್ಲರೂ ಬೇಡ ಅಂದರು ಎಂದಿದ್ದರೆ ಯಾರು ಹೋಗಿ ಲೆಕ್ಕ ಹಾಕುತ್ತಿದ್ದರು? ಸರ್ಕಾರದ ವಕೀಲರು ತಟ್ಟನೆ ಎದ್ದರು. ಆ ಒಬ್ಬರು ಯಾರು, ಕಂಪನಿಯಲ್ಲೇ ಕೆಲಸ ಮಾಡುವವರಲ್ಲವೇ ಎಂದು ಕೇಳಿದರು. “ಹೌದು ಸ್ವಾಮಿ, ನನ್ನ ಮಗ. ಮಷೀನು ಓಡಿಸ್ತಾನೆ. ಆ ಕಬ್ಬಿಣದ ಕೈಯಲ್ಲಿ ಕೋಳಿಮೊಟ್ಟೆ ಒಡೀದ ಹಾಗೆ ಎತ್ತಿಡ್ತಾನೆ” ಅಂದಳು. ಅದನ್ನೂ ಹೇಳಿದಳು ಮಹರಾಯ್ತಿ! ಗಾಜಿನ ಗೂಡಿನ ಹುಡುಗಿ ಮೊಟ್ಟೆಯನ್ನೂ ಬಿಡದೆ ದಾಟಿಸಿದಳು, ಕಟ್ಟೆಯ ಮೇಲೆ ಒಬ್ಬಿಬ್ಬರು ನಕ್ಕರು. ವಕೀಲರು ನಗಲಿಲ್ಲ. ಅವನು ಅಗೆಯಬಹುದು ಅಂದರೆ ಏನು ಮಾಡುತ್ತೀರಿ ಎಂದರು. “ಅದನ್ನೂ ಬಂದು ಹೇಳ್ತೀನಿ. ಅವನೂ ನಮ್ಮೋನೇ ತಾನೇ” ಅಂದಳು.

ಹಿರಿಯಾಕೆ ಕನ್ನಡಕ ತೆಗೆದು ನಿಮ್ಮಮ್ಮನ ಕಡೆ ತಿರುಗಿದರು. ಜನರನ್ನು ಅವರ ಪದ್ಧತಿಯಂತೆ ಕೇಳಬೇಕು ಎಂದು ತೀರ್ಪುಗಳಲ್ಲಿ ನಾವೇ ಎಷ್ಟೋ ಸಲ ಬರೆದಿದ್ದೇವೆ, ಹಾಗೆ ಕೇಳುವುದನ್ನು ಕಣ್ಣಾರೆ ಕಂಡಿದ್ದು ಇದೇ ಮೊದಲು ಎಂದರು. ಆ ಮಾತಿಗಾಗಿ ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ; ಅಲ್ಲಿಯವರೆಗೆ ಗುಡ್ಡದ ಮೇಲೆ ಒಂದು ಗುದ್ದಲಿಯೂ ಬೀಳಕೂಡದು ಎಂದು ಅಪ್ಪಣೆಯಾಗಿದೆ. ಈ ಕಾಗದ ಸೇರುವ ಹೊತ್ತಿಗೆ ನಿನ್ನ ಮಷೀನು ನಿಂತಿರುತ್ತದೆ. ನೀನು ಮಕ್ಕಳ ಜೊತೆ ಮನೆಯಲ್ಲೇ ಇರುತ್ತೀಯ. ಅದು ಒಂದು ಲೆಕ್ಕಕ್ಕೆ ನಿನ್ನ ಸೊಂಟಕ್ಕೂ ಒಳ್ಳೆಯದೇ.

ಇಷ್ಟು ವರ್ಷ ನಾನು ಅವಳನ್ನು ಒಲೆಯ ಮುಂದೆ ನೋಡಿದ್ದೇನೆ, ಸೌದೆ ಹೊರೆ ಹೊತ್ತು ಇಳಿಯುವಾಗ ನೋಡಿದ್ದೇನೆ, ನಿನ್ನ ಕಿವಿ ಹಿಂಡುವಾಗಲೂ ನೋಡಿದ್ದೇನೆ. ಇವತ್ತು ನೋಡಿದ್ದು ಯಾರನ್ನೋ. ಹತ್ತಿರ ಹೋಗಿ ಮಾತಾಡಿಸಲು ನನಗೆ ನಿಜವಾಗಿಯೂ ಅಂಜಿಕೆಯಾಯಿತು. ಆಚೆ ಬಂದ ಮೇಲೆ ಧೈರ್ಯ ಮಾಡಿ, ಅವನ ಮಾತು ಒಂದು ಬಿಟ್ಟಿದ್ದರೆ ಗುಡ್ಡ ಉಳಿಯುತ್ತಿತ್ತಲ್ಲೇ ಅಂದೆ. “ಅವನನ್ನ ಕೇಳದೆ ಉಳಿಸಿಕೊಂಡ್ರೆ, ಜೀಪಿನೋರು ಮಾಡಿದ್ದನ್ನೇ ನಾನೂ ಮಾಡಿದ ಹಾಗಾಯ್ತು” ಅಂದಳು. ಅವಳ ಕಣ್ಣು ತುಂಬಿತ್ತು. ನಾನು ಆಮೇಲೆ ಬಾಯಿ ತೆರೆಯಲಿಲ್ಲ. ನಾನು ಬಾಯಿ ತೆರೆಯಲಿಲ್ಲ ಅಂದರೆ ನೀನೇ ಊಹಿಸಿಕೋ.

ಸೊಸೆಗೆ ನಾವು ಕೇಳಿದೆವೆಂದು ಹೇಳು. ಮಕ್ಕಳ ತಲೆ ಸವರಿ ತಾತನ ಹೆಸರು ಹೇಳಿ ಒಂದೊಂದು ಮುತ್ತು ಕೊಡು. ನೀನು ಎಲ್ಲಿದ್ದರೂ ನಮ್ಮ ಮಗನೇ. ನೂರು ಕಾಲ ಸುಖವಾಗಿ ಬಾಳು.

ನಿನ್ನ ಬಾಯಿಬಡುಕ
ಅಪ್ಪ

ಮರೆತೆ, ಮರೆತೆ: ಕಾಗದ ಮಡಿಸುವ ಹೊತ್ತಿಗೆ ನಿಮ್ಮಮ್ಮ ಬೆನ್ನ ಹಿಂದೆ ಬಂದು ನಿಂತಿದ್ದಾಳೆ. ನಿನ್ನ ಮೇಲೆ ಒತ್ತಾಯ ಹೇರುವ ಒಂದಕ್ಷರವನ್ನೂ ಬರೆಯಬಾರದಂತೆ. ಆದ್ದರಿಂದ ನನ್ನ ಆಸೆ ಏನೆಂದು ಬರೆಯುತ್ತಿಲ್ಲ, ನಿನಗೆ ಗೊತ್ತು. ಯಾರೊಬ್ಬರ ಮಾತು ಬೇರೆಯಾದರೂ ನಾವು ಮತ್ತೆ ಮೊದಲಿನಿಂದ ಕೂರಬೇಕು, ಅದೂ ನಿನಗೆ ಗೊತ್ತು. ಅಷ್ಟು ದಿನ ಇಲ್ಲಿಯವರು ಕಾಯುವುದಿಲ್ಲ. ಆ ಕೆಲಸ ಹೋದರೆ ನಿನ್ನ ಮನೆ ನಡೆಯುವುದು ಹೇಗೆ ಎಂಬುದೂ ಸಣ್ಣ ಚಿಂತೆಯಲ್ಲ, ಅದು ನನಗೂ ಗೊತ್ತು. ಈಗ ಅವಳು ಹೇಳಿದ್ದನ್ನು ಅವಳು ಹೇಳಿದಂತೆಯೇ ಬರೆಯುತ್ತೇನೆ: “ಗುಡ್ಡ ಅಗೀಬಹುದಾ ಮಗಾ? ನಿನ್ನ ಮಾತೇನು?” ಅಗೆಯಬಹುದು ಅಂದರೂ ಸರಿ, ಬೇಡ ಅಂದರೂ ಸರಿ, ಒಂದು ಅಕ್ಷರ ತಿರುಚದೆ ಆ ಕಟ್ಟೆಯ ಮುಂದೆ ಹೇಳುತ್ತಾಳಂತೆ. ಓದಿದ ದಿನವೇ ಹೇಳಬೇಡ. ಮಲಗಿ ಏಳು, ಬೆಳಿಗ್ಗೆ ಫೋನ್ ಮಾಡು. ವಕೀಲೆಯ ಫೋನ್ ಮತ್ತೆ ಇವಳ ಕೈಯಲ್ಲೇ ಇದೆ. ಎಷ್ಟು ಕೇಳಿದರೂ ವಾಪಸ್ ಕೊಡುತ್ತಿಲ್ಲ.