ಹನ್ನೊಂದು ಸೆಕೆಂಡಿನ ನಗೆಗೆ ಅಮ್ಮನಿಗೇಕೆ ಶಿಕ್ಷೆ?

ಶಿಸ್ತು ಸಮಿತಿಯ ಮಾನ್ಯ ಅಧ್ಯಕ್ಷರೇ,

ನಕ್ಕಿದ್ದು ನಾನೇ. ತಮ್ಮ ನೋಟಿಸು ಹೇಳುವ ದಿನವೇ, ಹೇಳುವ ನಿಮಿಷದಲ್ಲೇ, ಮೈದಾನದಲ್ಲಿ ಹಲ್ಲು ಕಾಣುವಂತೆ ನಕ್ಕಿದ್ದೇನೆ. ಅದಕ್ಕಾಗಿ ನನ್ನನ್ನು ಒಂದು ಪಂದ್ಯದಿಂದ ಹೊರಗಿಟ್ಟಿದ್ದೀರಿ, ಇರಲಿ. ಆದರೆ ಅದೇ ಕಾಗದದ ಎರಡನೇ ಪುಟದಲ್ಲಿ ನನ್ನ ತಾಯಿಯನ್ನು ‘ಪ್ರಚೋದನೆ ನೀಡಿದ ಪ್ರೇಕ್ಷಕಿ’ ಎಂದು ಕರೆದು, ಒಂದು ವರ್ಷ ಯಾವ ಕ್ರೀಡಾಂಗಣಕ್ಕೂ ಕಾಲಿಡಕೂಡದೆಂದು ಅಪ್ಪಣೆ ಹೊರಡಿಸಿದ್ದೀರಲ್ಲ, ನನ್ನ ತಕರಾರು ಇರುವುದು ಅಲ್ಲಿ. ಅರವತ್ತೊಂದು ವರ್ಷದ, ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುವ ಹೆಂಗಸಿನಿಂದ ಈ ಆಟಕ್ಕೆ ಎಂಥ ಗಂಡಾಂತರ ಒದಗಿತ್ತು ಎಂಬುದು ನಾಲ್ಕು ಜನಕ್ಕೂ ತಿಳಿಯಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಹದಿನಾಲ್ಕು ವರ್ಷಗಳಿಂದ ಸಂಬಳಕ್ಕೆ ಫುಟ್‌ಬಾಲ್ ಆಡುವವನು. ಡಿಫೆಂಡರ್. ಎದುರಾಳಿ ಗೋಲು ಹೊಡೆಯದಂತೆ ಅಡ್ಡ ನಿಲ್ಲುವುದು ನನ್ನ ಕೆಲಸ, ನಾನೇ ಹೊಡೆಯುವುದಲ್ಲ. ಇಷ್ಟು ವರ್ಷಗಳಲ್ಲಿ ಒಂದನ್ನೂ ಹೊಡೆದಿರಲಿಲ್ಲ. ಅಮ್ಮ ದೊಡ್ಡ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಬಿಸಿ ಆವಿಯ ನಡುವೆ ನಿಂತು ರೋಗಿಗಳ ಹಾಸಿಗೆಯ ಚಾದರಗಳನ್ನು ಮಡಚಿ, ನೂರರ ಕಟ್ಟು ಕಟ್ಟಿ ಗಾಡಿಗೆ ಏರಿಸುವ ಕೆಲಸ. ಭಾನುವಾರ ಅವಳಿಗೆ ಪಾಳಿ, ನಮ್ಮ ಪಂದ್ಯಗಳೂ ಭಾನುವಾರವೇ. ಹಾಗಾಗಿ ಮಗ ಆಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಸಂಜೆ ಫೋನ್ ಮಾತ್ರ ತಪ್ಪುತ್ತಿರಲಿಲ್ಲ.

“ಗೋಲ್ ಹೊಡೆದ್ಯೇನೋ?”

“ಇಲ್ಲಮ್ಮ, ಅದು ನನ್ನ ಕೆಲಸ ಅಲ್ಲ.”

“ಮತ್ತೆ ಅಷ್ಟು ಹೊತ್ತು ಅಲ್ಲಿ ಏನ್ ಮಾಡ್ತೀಯ? ಹೋಗ್ಲಿ ಬಿಡು, ಬರೋ ವಾರ ಹೊಡಿ.”

ಕಳೆದ ತಿಂಗಳು ಅವಳು ನಿವೃತ್ತಳಾದಳು. ನಾನೂ ಈ ವರ್ಷಕ್ಕೆ ಆಟ ಸಾಕು ಎಂದು ಹೇಳಿಬಿಟ್ಟಿದ್ದೆ. ಸೆಮಿಫೈನಲ್‌ಗೆ ಅಕ್ಕ ಅವಳನ್ನು ಕರೆದುಕೊಂಡು ಬಂದು ಮೂರನೇ ಸಾಲಿನಲ್ಲಿ ಕೂರಿಸಿದಳು. ಅಮ್ಮನಿಗೆ ಗೊತ್ತಿದ್ದ ನಿಯಮ ಒಂದೇ: ಚೆಂಡು ಬಲೆಯೊಳಗೆ ಹೋದರೆ ಗೋಲು. ಯಾರ ಬಲೆ ಎಂಬ ಕೂದಲು ಸೀಳುವ ಚರ್ಚೆಯೆಲ್ಲ ಅವಳಿಗೆ ತಿಳಿಯದು.

ಎಪ್ಪತ್ತೊಂದನೇ ನಿಮಿಷದವರೆಗೆ ಇಬ್ಬರದೂ ಸೊನ್ನೆ. ಎದುರಾಳಿ ತಂಡದ ಹುಡುಗನೊಬ್ಬ ಬಲಗಡೆಯಿಂದ ಚೆಂಡನ್ನು ನಮ್ಮ ಗೋಲಿನ ಮುಂದಕ್ಕೆ ಒದ್ದ. ತಡೆಯೋಣವೆಂದು ನಾನು ಕಾಲು ಚಾಚಿದೆ. ಚೆಂಡು ನನ್ನ ಮೊಣಕಾಲಿನ ಕೆಳಗೆ ಬಡಿದು, ಜಿಗಿದ ನಮ್ಮ ಗೋಲ್‌ಕೀಪರನ ಕೈಗೆ ಸಿಗದೆ, ನಮ್ಮದೇ ಬಲೆಯ ಮೂಲೆಗೆ ಹೋಗಿ ಕೂತಿತು. ನಮ್ಮ ಕಡೆಯವರೇ ತುಂಬಿದ್ದ ಗ್ಯಾಲರಿ ಗರಬಡಿದಂತೆ ಸುಮ್ಮನಾಯಿತು. ನಾನು ಹುಲ್ಲಿನ ಮೇಲೆ ಮುಖ ಕೆಳಗಾಗಿ ಬಿದ್ದಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಆಗ ಆ ಮೌನದಲ್ಲಿ ಒಂದೇ ಒಂದು ಜೊತೆ ಕೈ ಚಪ್ಪಾಳೆ ತಟ್ಟುವುದು ಕೇಳಿಸಿತು. ತಲೆಯೆತ್ತಿದೆ. ಅಮ್ಮ ಎದ್ದು ನಿಂತಿದ್ದಳು.

“ನನ್ನ ಮಗ! ನನ್ನ ಮಗ ಹೊಡ್ದ! ನೋಡ್ರಪ್ಪ, ಅವನೇ, ಬಿದ್ದಿದಾನಲ್ಲ, ಅವನೇ!”

ಅಕ್ಕ ಮೊಣಕೈ ಹಿಡಿದು ಎಳೆಯುತ್ತಿದ್ದಳು. ಅಮ್ಮ ಕೊಸರಿಕೊಂಡು ಸುತ್ತ ನೋಡಿ, ಗ್ಯಾಲರಿಗೆಲ್ಲ ಕೇಳುವಂತೆ ಅಂದಳು: “ಯಾರೂ ಚಪ್ಪಾಳೆ ಹೊಡೀತಿಲ್ವಲ್ಲೇ! ಇಷ್ಟೊಂದು ಹೊಟ್ಟೆಕಿಚ್ಚಾ ಜನಕ್ಕೆ?”

ಅಧ್ಯಕ್ಷರೇ, ಆಗ ನಾನು ನಕ್ಕೆ. ತಾವಾಗಿದ್ದರೆ ಏನು ಮಾಡುತ್ತಿದ್ದಿರಿ? ನನ್ನನ್ನು ಬೈಯಲೆಂದು ಓಡಿಬಂದ ಗೋಲ್‌ಕೀಪರ್ ಕೂಡ ಅತ್ತ ನೋಡಿ, ಕೈಗವಸಿನಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಕುಲುಕುತ್ತಿದ್ದುದು ತಮ್ಮ ಕ್ಯಾಮೆರಾಕ್ಕೆ ದುಃಖವಾಗಿ ಕಂಡಿದೆ, ಅದೃಷ್ಟವಂತ.

ಇದು ಕಟ್ಟುಕಥೆಯಾಗಿದ್ದರೆ ಆಮೇಲೆ ನಾವು ಎರಡು ಗೋಲು ಹೊಡೆದು ಗೆಲ್ಲಬೇಕಿತ್ತು. ಗೆಲ್ಲಲಿಲ್ಲ. ಆದರೆ ಆ ಕೊನೆಯ ಇಪ್ಪತ್ತು ನಿಮಿಷ ನಾನು ಆಡಿದಂತೆ ಈ ವರ್ಷವಿಡೀ ಆಡಿರಲಿಲ್ಲ. ಕಾಲು ಹಗುರವಾಗಿತ್ತು. ಒಮ್ಮೆ ಅವರ ಗೋಲಿನ ಕಂಬಕ್ಕೂ ಹೊಡೆದೆ. ಪಂದ್ಯ ಮುಗಿದ ಮೇಲೆ ಬಸ್ಸಿನ ಹತ್ತಿರ ಅಮ್ಮ ಕಾದಿದ್ದಳು. ಅಷ್ಟರಲ್ಲಿ ಅಕ್ಕ ಎಲ್ಲ ಬಿಡಿಸಿ ಹೇಳಿದ್ದಳು.

“ಹಂಗಾದ್ರೆ ತಪ್ಪು ಕಡೆ ಹೊಡೆದ್ಯಾ?”

“ಹೂಂನಮ್ಮ.”

ಅವಳು ಸೆರಗಿನಿಂದ ನನ್ನ ಕೆನ್ನೆಯ ಮಣ್ಣು ಒರೆಸಿದಳು. “ಆದ್ರೂ ಚೆನ್ನಾಗಿ ಹೋಯ್ತು ಬಿಡು.”

ನಾಲ್ಕು ದಿನದಲ್ಲಿ ತಾವು ವಿಚಾರಣೆಗೆ ಕರೆಸಿದಿರಿ. ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ನಾಲ್ಕು ಗಂಭೀರ ಮುಖಗಳು, ಗೋಡೆಯ ಪರದೆಯ ಮೇಲೆ ನನ್ನ ನಗು. ಮೂರು ಸಲ ಹಾಕಿ ನೋಡಿದಿರಿ. ಒಬ್ಬರು ಗಡಿಯಾರ ಹಿಡಿದು ಹನ್ನೊಂದು ಸೆಕೆಂಡು ಎಂದು ಅಳೆದರು. “ಗೆಲ್ಲೋ ಹಸಿವು ಇರೋನು ಇಂಥ ಹೊತ್ತಲ್ಲಿ ನಗ್ತಾನೇನ್ರೀ?” ಎಂದು ತಾವು ಕೇಳಿದಿರಿ. ಆಮೇಲೆ ಅಮ್ಮನ ವಿಷಯ ಬಂತು.

“ನಿಮ್ಮ ತಾಯಿಗೆ ಆಟದ ನಿಯಮ ಗೊತ್ತಿಲ್ವೇ?”

“ಇಲ್ಲ ಸರ್.”

“ಗೊತ್ತಿಲ್ಲದ ಮೇಲೆ ಯಾಕೆ ಬಂದ್ರು?”

“ನನ್ನನ್ನ ನೋಡೋಕೆ ಸರ್.”

ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಗುಮಾಸ್ತರು ಪೆನ್ನು ನಿಲ್ಲಿಸಿ, “ಇದನ್ನೂ ಬರ್ಕೊಳ್ಳಲಾ ಸರ್?” ಅಂದರು. ತಾವು ಬೇಡ ಎಂದಿರಿ. ಬರೆಸಬೇಕಿತ್ತು ಅಧ್ಯಕ್ಷರೇ. ಅಂದಿನ ವಿಚಾರಣೆಯಲ್ಲಿ ತಿರುಳಿದ್ದ ಮಾತು ಅದೊಂದೇ.

ಗೆಲ್ಲುವ ಹಸಿವಿನ ಪ್ರಶ್ನೆಗೆ ಉತ್ತರವನ್ನು ಈಗ ಹೇಳುತ್ತೇನೆ. ಆರು ವರ್ಷದ ಹಿಂದೆ ನಾವು ಫೈನಲ್ ಸೋತೆವು. ಆಗ ನಾನು ನಗಲಿಲ್ಲ. ಕಲ್ಲು ನುಂಗಿದವನಂತೆ ಮನೆಗೆ ಹೋಗಿ ಒಂಬತ್ತು ದಿನ ಯಾರೊಡನೆಯೂ ಮಾತಾಡಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದೆ, ದೀಪ ಆರಿಸಿದರೆ ಮಲಗುತ್ತಿದ್ದೆ. ಒಂದು ದಿನ ಪಕ್ಕದ ಮನೆಯಾಕೆ ಏನೋ ಕೇಳಲು ಬಂದಾಗ, ನಾಲ್ಕು ವರ್ಷದ ನನ್ನ ಮಗಳು ಬಾಗಿಲಲ್ಲೇ ತಡೆದು ಪಿಸುಗುಟ್ಟಿದಳು: “ಅಪ್ಪ ಸೋತಿದಾರೆ ಆಂಟಿ, ಮೆಲ್ಲಗೆ ನಡೀಬೇಕು.” ಅಂದು ಹೆಂಡತಿ ಒಂದೇ ಮಾತು ಅಂದಳು: “ಮೈದಾನದಲ್ಲಿ ಸೋತು ಬಾ, ಬೇಡ ಅನ್ನಲ್ಲ. ಆದ್ರೆ ಮನೆಗೆ ಬಂದು ನಮ್ಮನ್ನ ಯಾಕೆ ಸೋಲಿಸ್ತೀಯ?” ಆ ಒಂಬತ್ತು ದಿನಗಳಿಗೆ ನನಗೆ ಯಾವ ಸಮಿತಿಯೂ ನೋಟಿಸು ಕೊಡಲಿಲ್ಲ. ಬದಲಿಗೆ ಆ ವರ್ಷ ‘ಛಲಗಾರ ಆಟಗಾರ’ ಎಂಬ ಫಲಕ ಕೊಟ್ಟಿರಿ. ಮಗುವೊಂದು ತುದಿಗಾಲಲ್ಲಿ ನಡೆಯುವುದನ್ನು ಕಲಿತರೆ ಅದು ಆಟಕ್ಕೆ ಗೌರವ, ತಾಯಿಯೊಬ್ಬಳು ಚಪ್ಪಾಳೆ ತಟ್ಟಿದರೆ ಅವಮಾನ. ಈ ನಿಯಮ ಪುಸ್ತಕದ ಯಾವ ಪುಟದಲ್ಲಿದೆ?

ನಾನು ಗೆಲುವನ್ನು ಹೀಯಾಳಿಸುತ್ತಿಲ್ಲ. ಅದರ ರುಚಿ ಬಲ್ಲೆ, ಇಂದಿಗೂ ಬಾಯಲ್ಲಿ ನೀರೂರುತ್ತದೆ. ಸೋತ ರಾತ್ರಿ ಇಂದಿಗೂ ನಿದ್ದೆ ಬರುವುದಿಲ್ಲ. ಆದರೆ ನಿದ್ದೆಗೆಡುವುದು ನನ್ನೊಬ್ಬನ ಪಾಡು. ಮನೆಮಂದಿಯನ್ನೆಲ್ಲ ಎಬ್ಬಿಸಿ ಕೂರಿಸುವುದನ್ನು ಬಿಟ್ಟಿದ್ದೇನೆ.

ನೋಟಿಸಿನ ಬೆನ್ನಿಗೇ, ಶುಕ್ರವಾರದೊಳಗೆ ನನ್ನ ನಗುವಿಗೂ ‘ತಾಯಿಯವರ ಅಸಭ್ಯ ವರ್ತನೆಗೂ’ ಲಿಖಿತ ಕ್ಷಮೆ ಕೇಳಿದರೆ ಇಬ್ಬರ ಮೇಲಿನ ನಿಷೇಧವನ್ನೂ ತೆಗೆಯುವುದಾಗಿ ಹೇಳಿ ಕಳಿಸಿದಿರಿ. ನಮ್ಮ ಕೋಚ್ ಫೋನ್ ಮಾಡಿ ಗೋಗರೆದರು: “ಎರಡು ಸಾಲು ಗೀಚಿ ಕೊಟ್ಬಿಡೋ ಮಾರಾಯ. ಮೂರನೇ ಸ್ಥಾನದ ಪಂದ್ಯ ಆದ್ರೂ ನಿನ್ನ ಕೊನೇ ಪಂದ್ಯ ಕಣೋ.” ಕೂತೆ. ನನ್ನ ನಗುವಿನ ಸಾಲು ಸಲೀಸಾಗಿ ಬಂತು. ಎರಡನೇ ಸಾಲಿಗೆ ‘ನನ್ನ ತಾಯಿ’ ಎಂದು ಬರೆದೆ. ಮುಂದಿನ ಪದ ಬರೆಯಲು ಕೈ ಏಳಲಿಲ್ಲ. ಹದಿನಾಲ್ಕು ವರ್ಷ ಆಡಿದ ಬೂಟು ಎದುರಿಗೇ ಇತ್ತು. ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಕಾಗದ ಹರಿದು ಹಾಕಿದೆ. ಶುಕ್ರವಾರ ಕಳೆದುಹೋಗಿದೆ.

ಹಾಗಾಗಿ ನನ್ನ ಶಿಕ್ಷೆ ನನಗಿರಲಿ. ಭಾನುವಾರ ನಾನು ಆಡುವುದಿಲ್ಲ, ಟಿಕೆಟ್ ಕೊಂಡಿದ್ದೇನೆ. ಈ ವಾರವೆಲ್ಲ ಮಗಳು ಊಟದ ಮೇಜಿನ ಮೇಲೆ ಲೋಟ, ಚಮಚಗಳನ್ನಿಟ್ಟು ಅಜ್ಜಿಗೆ ಯಾವ ಬಲೆ ಯಾರದೆಂದು ಪಾಠ ಮಾಡಿದ್ದಾಳೆ. ನಾನೂ ಪಕ್ಕದಲ್ಲಿ ಕೂರುತ್ತೇನೆಂದಾಗ ಅಮ್ಮ ಹಿಗ್ಗಿದಳು: “ಬಾರಪ್ಪ. ಅರ್ಥ ಆಗ್ದಿದ್ರೆ ಕೇಳು, ನಾನು ಹೇಳ್ಕೊಡ್ತೀನಿ.”

ನನ್ನ ಬೇಡಿಕೆ ಇಷ್ಟೇ: ಆ ಎರಡನೇ ಪುಟವನ್ನು ವಾಪಸ್ ಪಡೆಯಿರಿ. ಭಾನುವಾರ ಮೂರು ಗಂಟೆಗೆ ಅಮ್ಮ ಗೇಟಿನ ಬಳಿ ಇರುತ್ತಾಳೆ. ಬಿಡಲಾಗದು ಎಂದಾದರೆ, ತಡೆಯುವ ಪಾಪದ ಕೆಲಸವನ್ನು ಕಾವಲುಗಾರನ ತಲೆಗೆ ಕಟ್ಟಬೇಡಿ. ತಾವೇ ಬಂದು, ಅವಳು ಮಾಡಿದ ತಪ್ಪೇನೆಂದು ಅವಳಿಗೇ ಹೇಳಿ. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ನಗುವುದಿಲ್ಲವೆಂದು ಮಾತ್ರ ಮಾತು ಕೊಡಲಾರೆ.

ಇಂತಿ,
ಬೂಟು ಕಳಚಿಟ್ಟೂ ಬುದ್ಧಿ ಕಲಿಯದ,
ತಮ್ಮ ಕಡತದಲ್ಲಿ ‘ಆರೋಪಿ’ ಎನಿಸಿಕೊಂಡ ಡಿಫೆಂಡರ್