ರುಕ್ಸಾರ ಕೇಳದ ಮುದತು

ಐನಾಪುರ
೧೨ ಫೆಬ್ರುವರಿ ೨೦೨೫

ಗೆಳೆಯ ಅಣ್ಣಾಸಾಬನಿಗೆ ಹುಸೇನಮಿಯಾನ ಸಲಾಮು.

ಸಂಕ್ರಾಂತಿಗೆ ನೀನು ಕುಸರೆಳ್ಳಿನ ಜೊತೆ ಕಳಿಸಿದ್ದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಎಕ್ಸ್‌ಕ್ಯೂಸ್ ಮಿ ಫಾರ್ ದಿ ಲೇಟ್. ಫೋನು ಮಾಡೋಣವೆಂದರೆ, ನಿನ್ನ ಕಿವಿಗೆ ಮುಟ್ಟುವಷ್ಟು ಕೂಗಿದರೆ ನಮ್ಮ ಮನೆಯ ಸುದ್ದಿ ಪೇಟೆಗೆಲ್ಲ ಮುಟ್ಟುತ್ತದೆ. ನಿಪ್ಪಾಣಿಯ ಚಳಿಗೆ ಮಂಡಿನೋವು ಹೇಗಿದೆ? ನನ್ನ ಗಾದಿ ಅಂಗಡಿ ನಡೆದಿದೆ, ಹತ್ತಿಯ ಧೂಳಿಗೆ ಕೆಮ್ಮೂ ನಡೆದಿದೆ. ಅದಿರಲಿ. ನಾನು ಬರೆಯಲು ಕುಳಿತದ್ದು ಸಿಟ್ಟಿಗೆ.

ಮಗಳು ರುಕ್ಸಾರ ಎಂ.ಎ. ಕೊನೆಯ ವರ್ಷದ ಪ್ರಬಂಧ ಬರೆಯುತ್ತಿದ್ದಳೆಂದು ನಿನಗೆ ಗೊತ್ತು. ಡಿಸೆಂಬರಿನಲ್ಲಿ ಅಳಿಯ ಜುನೇದ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಬಡಿದು ಹೋದ. ಅಂದಿನಿಂದ ಅವಳು ಕಾಗವಾಡದಲ್ಲಿ, ಗಂಡನ ಮನೆಯಲ್ಲಿ, ಇದ್ದತ್ತಿಗೆ ಕುಳಿತಿದ್ದಾಳೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಕೂಡ್ರುವುದು ನಮ್ಮಲ್ಲಿಯ ಪದ್ಧತಿ, ನೀನು ಬಲ್ಲೆ. ಪ್ರಬಂಧಕ್ಕೆ ಕೊನೆಯ ದಿನ ಬರುವ ಸೋಮವಾರ. ತಪ್ಪಿದರೆ ಹೆಸರು ಹೊಡೆದು ಹಾಕುತ್ತಾರೆ. ಮತ್ತೆ ಎಲ್ಲ ಮೊದಲಿನಿಂದ.

ಮುದತು ಬೇಡಲು ಯುನಿವರ್ಸಿಟಿಗೆ ನಾನೇ ಹೋದೆ. ಅರ್ಜಿ ಇಂಗ್ಲಿಷಿನಲ್ಲಿಯೇ ಇರಲಿ ಎಂದು ಹಟಕ್ಕೆ ಬಿದ್ದು ಬರೆದಿದ್ದೆ. ಚಿಕ್ಕೋಡಿ ಕಾಲೇಜಿನಲ್ಲಿ ನಾವಿಬ್ಬರೂ ಬಾಯಿಪಾಠ ಮಾಡಿದ್ದು ನೆನಪಿದೆಯೆ? ‘ವಿಥ್ ಡ್ಯೂ ರಿಸ್ಪೆಕ್ಟ್ ಆಯ್ ಬೆಗ್ ಟು ಸ್ಟೇಟ್ ದ್ಯಾಟ್’ ಎನ್ನುವವರೆಗೆ ಭರದಿಂದ ಬಂತು, ಮುಂದೆ ಗಾಡಿ ನಿಂತಿತು. ‘ಮೈ ಡಾಟರ್ ಈಜ್ ಸಿಟಿಂಗ್ ಫಾರ್ ಹರ್ ಹಸ್ಬಂಡ್’ ಎಂದು ಬರೆದು ಮುಗಿಸಿದೆ.

ಕಾರಕೂನ ಓದಿ ತಲೆ ಕೆರೆದುಕೊಂಡ. “ಕಾಕಾ, ಕನ್ನಡದಾಗ ಹೇಳ್ರಿ. ಏನಾಗೇತಿ?”

ಹೇಳಿದೆ.

“ಕಂಪ್ಯೂಟರದಾಗ ಮೂರ ಕಾರಣ ಅದಾವ್ರಿ. ಆಸ್ಪತ್ರಿ, ಅಪಘಾತ, ಹೆರಿಗಿ. ನಿಮ್ಮದು ಯಾವುದ್ರಾಗ ಹಾಕ್ಲಿ?”

“ಅಪಘಾತದಾಗ ಹಾಕಪಾ. ಗಂಡ ಅದರಾಗ ಸತ್ತಾನ.”

“ಅಪಘಾತ ನಮ್ಮ ವಿದ್ಯಾರ್ಥಿಗೇ ಆಗಿರಬೇಕ್ರಿ.”

“ಹಂಗಾರ ಗಂಡ ಸತ್ತವರಿಗೆ ಏನೂ ಇಲ್ಲೇನು?”

“ವಿದ್ಯಾರ್ಥಿ ಸತ್ರ ಐತ್ರಿ ಕಾಕಾ. ಹೆಸರು ತಾನಽ ಕಮ್ಮಿ ಆಗ್ತೈತಿ.”

ಹುಡುಗ ಚೇಷ್ಟೆ ಮಾಡಿದ್ದರೆ ಎರಡು ಮಾತು ಬೈದು ಹಗುರಾಗುತ್ತಿದ್ದೆ. ಪಾಪ, ಕಳಕಳಿಯಿಂದಲೇ ಹೇಳಿದ. ಒಳಗಿನ ಸಾಹೇಬನಂತೂ ಮುಖ ಎತ್ತಲಿಲ್ಲ. “ಹುಡುಗಿ ಸ್ವತಃ ಬಂದು ನನ್ನ ಮುಂದ ಸಹಿ ಮಾಡ್ಲಿ, ಮುದತು ಕೊಡ್ತೀನಿ. ಜಡ್ಡಿಲ್ಲ, ಜಾಪತ್ರಿಲ್ಲ, ಮನ್ಯಾಗ ಸುಮ್ಮ ಕುಂತಾಕಿಗೆ ಬರಾಕೇನ್ರಿ?” ಎಂದ. ಸುಮ್ಮ ಕುಂತಾಕಿ! ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಬಂದೆ. ಹೊಳೆದದ್ದು ‘ಶೇಮ್’ ಒಂದೇ.

ಸೋಲಲಿಲ್ಲ. ಮೌಲಾನಾರ ಬಳಿಗೆ ಹೋದೆ. “ಜರೂರಿ ಕೆಲಸಕ್ಕ ಹಗಲಿನ್ಯಾಗ ಹೋಗಿ ಸಂಜಿಕ ಮನಿ ಸೇರಿದ್ರ ಅಡ್ಡಿ ಇಲ್ಲ” ಎಂದರು. ಬೀಗತಿ ಸುಮಯ್ಯಾ, ಮಗನನ್ನು ಕಳೆದುಕೊಂಡವಳು, “ಸಂಗಾಟ ನಾನಽ ಹೋಗ್ತೀನ್ರಿ ಭಾಯಿ” ಎಂದಳು. ಪರದೆ ಕಟ್ಟಿದ ಗಾಡಿ ಗೊತ್ತು ಮಾಡಿಕೊಂಡು ಇವತ್ತು ಮುಂಜಾನೆ ಕಾಗವಾಡದ ಬಾಗಿಲಿಗೆ ತಂದು ನಿಲ್ಲಿಸಿದೆ. ಒಳಗೆ ಆದ ಮಾತು ನಮ್ಮ ಮನೆಮಾತಿನಲ್ಲಿ, ನಿನಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

“ಅಬ್ಬಾ, ಯಾರನ್ನ ಕೇಳಿ ಗಾಡಿ ತಂದ್ರಿ?”

“ಮೌಲಾನಾರನ್ನ ಕೇಳೀನಿ. ನಿಮ್ಮ ಅತ್ತಿನ್ನ ಕೇಳೀನಿ. ಆ ಸಾಹೇಬನ್ನೂ ಕೇಳೀನಿ.”

“ನನ್ನ?”

ನಾನು ಗಾಡಿಯ ಬಾಡಿಗೆ ಎಷ್ಟಾಯಿತೆಂದು ಹೇಳತೊಡಗಿದೆ, ಅಣ್ಣಾಸಾಬ.

“ನಾ ಬರಾಂಗಿಲ್ಲ. ಮೌಲಾನಾ ಹೋಗು ಅಂದ್ರೂ ಬರಾಂಗಿಲ್ಲ.”

“ಹುಚ್ಚಿ, ಹೆಸರು ಹೋಗ್ತೈತಿ!”

“ಹೋಗ್ಲಿ.”

ಗಾಡಿ ಖಾಲಿ ತಿರುಗಿತು. ಧರ್ಮ ಬಿಡುತ್ತದೆ, ಅತ್ತೆ ಬಿಡುತ್ತಾಳೆ, ಓದಿದ ಮಗಳು ಬಿಡುವುದಿಲ್ಲ! ಹೈಸ್ಕೂಲಿಗೆ ಹೋಗುವಾಗ ‘ನಾ ಕಾಲೇಜಿನ್ಯಾಗ ಕಲಿಸಾಕಿ’ ಎಂದು ನನ್ನ ಅಂಗಡಿಯ ದಿಂಬುಗಳನ್ನು ಸಾಲಾಗಿ ಕೂಡಿಸಿ ಪಾಠ ಹೇಳುತ್ತಿದ್ದವಳು ಇವಳೇ ಏನು?

ನಿನ್ನ ಮಾತನ್ನು ಅವಳು ತೆಗೆದುಹಾಕುವುದಿಲ್ಲ. ಈ ಕಾಗದವನ್ನು ಬಸ್ಸಿನ ಕಂಡಕ್ಟರ ದಶರಥನ ಕೈಗೆ ಕೊಡುತ್ತೇನೆ, ನಾಳೆಯೇ ಮುಟ್ಟುತ್ತದೆ. ಮುಟ್ಟಿದ ಕೂಡಲೇ ಅವಳಿಗೆ ಫೋನು ಮಾಡಿ ಚೆನ್ನಾಗಿ ಬೈ. ಅವಳ ಎದುರುತ್ತರ ನಿನಗೆ ಕೇಳಿಸುವುದಿಲ್ಲ, ಅದೇ ಅನುಕೂಲ.

ಅಲ್ಲಾಹನೂ ನಿನ್ನ ದೇವರೂ ಕೂಡಿ ನಿನ್ನ ಮಂಡಿ ಕಾಯಲಿ. ನಿನ್ನ ಮೊಮ್ಮಕ್ಕಳು ನಮ್ಮಿಬ್ಬರಿಗಿಂತ ಹೆಚ್ಚು ಇಂಗ್ಲಿಷ್ ಕಲಿಯಲಿ.

ಯುವರ್ಸ್ ಒಬಿಡಿಯಂಟ್ಲಿ,
ಹುಸೇನಮಿಯಾ

ತಾ.ಕ.: ಕಾಗದ ಮಡಚಿದವನು ಮತ್ತೆ ಬಿಚ್ಚಿದ್ದೇನೆ. ನಾನು ಹೊಸ್ತಿಲು ಇಳಿಯುವಾಗ ಅವಳು ಹಿಂದಿನಿಂದ ಹೇಳಿದ್ದೊಂದನ್ನು ಬರೆಯದೆ ಬಿಟ್ಟಿದ್ದೆ. “ಅಬ್ಬಾ, ಅಮ್ಮಿ ಹೋದಾಗ ಮೂರನೇ ದಿನದ ಝಿಯಾರತ್ ಮುಗಿದ ಮರುದಿನ ನೀವು ಅಂಗಡಿ ತೆಗೆದ್ರಿ. ಮೊದಲ ಬಂದಿದ್ದು ಲಗ್ನದ ಗಾದಿ, ಅದನ್ನ ಹೊಲಿದು ಕೊಟ್ರಿ. ನಿಮಗ ಯಾರೂ ಕುಂಡ್ರು ಅನ್ನಲಿಲ್ಲ. ಅವತ್ತಿನಿಂದ ನಿಮ್ಮ ಬಾಯಾಗ ಅಮ್ಮಿ ಹೆಸರಽ ಬಂದಿಲ್ಲ. ನನಗ ಅರ್ಜಿ ಇಲ್ಲದ ಸಿಕ್ಕ ಮುದತು ಇದೊಂದಽ ಐತಿ. ಇದನ್ನ ಕಸಗೊಬ್ಯಾಡ್ರಿ.”

ಅವಳಿಗೆ ಫೋನು ಮಾಡಬೇಡ. ಹೋದರೆ ಹೋಗಲಿ ಹೆಸರು, ಮುಂದಿನ ವರ್ಷ ಮತ್ತೆ ಬರೆಸೋಣ. ಆಗುವುದಾದರೆ ಈ ರವಿವಾರ ನೀನೇ ಬಾ. ಅಂಗಡಿ ಮುಚ್ಚಿರುತ್ತೇನೆ. ಮಮತಾಜಳ ವಿಷಯ ಮಾತಾಡುವುದಿದೆ. ನಿನಗೆ ಕೇಳಿಸದಿದ್ದರೂ ನಡೆಯುತ್ತದೆ, ಎದುರಿಗೆ ಕುಳಿತಿದ್ದರೆ ಸಾಕು.